ಗೊರಟು ನೋಡಿ ಗಿಡ ಆರಿಸುವವರು

ಕಲಬುರಗಿ, ಬೀದರ್ ಕಡೆಯ ದಾವತ್ತುಗಳಲ್ಲಿ ಉಂಡವರಿಗೆ ಖುಬಾನಿ ಕಾ ಮೀಠಾ ಹೊಸದಲ್ಲ. ನಿಜಾಮರ ಹೈದರಾಬಾದಿನ ಅಡುಗೆಮನೆಯಿಂದ ಆ ಜಿಲ್ಲೆಗಳಿಗೂ ಹಬ್ಬಿದ ಸಿಹಿ ಅದು. ಸುಕ್ಕುಗಟ್ಟಿದ ಕಂದುಬಣ್ಣದ ಒಣಹಣ್ಣನ್ನು ರಾತ್ರಿಯಿಡೀ ನೆನೆಸಿಟ್ಟು, ಬೆಳಿಗ್ಗೆ ಗೊರಟು ಬಿಡಿಸಿ, ತಿರುಳನ್ನು ನೆನೆಸಿದ ನೀರಿನಲ್ಲೇ ಸಕ್ಕರೆ ಹಾಕಿ ಕುದಿಸುತ್ತಾರೆ. ಬಿಡಿಸಿದ ಗೊರಟೂ ವ್ಯರ್ಥವಾಗುವುದಿಲ್ಲ. ಅದನ್ನು ಒಡೆದು ಒಳಗಿನ ಬೀಜ ತೆಗೆದು, ಬಡಿಸುವ ಹೊತ್ತಿಗೆ ಕೆನೆಯ ಜತೆ ಮೇಲೆ ಉದುರಿಸುತ್ತಾರೆ.

ಬೆಂಗಳೂರಿನ ಡ್ರೈಫ್ರೂಟ್ಸ್ ಅಂಗಡಿಗೆ ಹೋಗಿ ಏಪ್ರಿಕಾಟ್ ಕೊಡಿ ಎಂದರೆ ಸಿಗುವುದು ಬೇರೆಯೇ ಸರಕು: ಕಿತ್ತಳೆ ಬಣ್ಣ, ಮೆತ್ತನೆಯ ಮೈ, ಒಳಗೆ ಗೊರಟಿಲ್ಲ. ಬಹುಪಾಲು ಟರ್ಕಿಯಿಂದ ಬಂದದ್ದು. ಗಂಧಕದ ಹೊಗೆ ಕೊಟ್ಟಿರುವುದರಿಂದ ಆ ಬಣ್ಣ ಉಳಿದಿರುತ್ತದೆ. ಬರೀ ಬಿಸಿಲಿಗೆ ಒಣಗಿದ ಹಣ್ಣು ಕಂದಾಗಲೇಬೇಕು. ಖುಬಾನಿ, ಜರ್ದಾಳು, ಏಪ್ರಿಕಾಟ್ ಎಲ್ಲವೂ ಒಂದೇ ಜಾತಿಯ ಮರದ ಹಣ್ಣು. ಬಾದಾಮಿ, ಪೀಚ್, ಪ್ಲಮ್, ಚೆರ್‍ರಿಗಳ ದಾಯಾದಿ. ಆದರೆ ಒಂದನ್ನು ಗೊರಟಿನ ಸಮೇತ, ಇನ್ನೊಂದನ್ನು ಗೊರಟು ತೆಗೆದು ಒಣಗಿಸುವುದರ ಹಿಂದೆ ಬೆಳೆಗಾರ ಎಷ್ಟೋ ವರ್ಷದ ಹಿಂದೆ ಮಾಡಿದ ಒಂದು ಆಯ್ಕೆ ಇದೆ. ಯಾವ ತಳಿಯ ಗಿಡ ನೆಡಬೇಕು ಎಂಬ ಆಯ್ಕೆ. ನಮ್ಮ ದೇಶದಲ್ಲಿ ಆ ಆಯ್ಕೆಯ ಜಾಣ್ಮೆಯನ್ನು ನೋಡಬೇಕೆಂದರೆ ಲಡಾಖ್‌ಗೆ ಹೋಗಬೇಕು. ಭಾರತದ ಏಪ್ರಿಕಾಟ್ ಇಳುವರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಅಲ್ಲಿಂದ.

ಲೇಹ್ ಪಟ್ಟಣದಿಂದ ಸಿಂಧೂ ನದಿಯ ಜತೆಜತೆಗೇ ಪಶ್ಚಿಮಕ್ಕೆ ಇಳಿದರೆ ನಿಮ್ಮು, ಸಾಸ್ಪೋಲ್, ನುರ್ಲಾ, ಖಲ್ತ್ಸೆ, ಸ್ಕುರ್ಬುಚನ್ ಸಿಗುತ್ತವೆ. ಇನ್ನೂ ಕೆಳಗೆ ದಾ ಮತ್ತು ಹನು. ಈ ಸೀಮೆಯನ್ನು ಶಾಮ್ ಎನ್ನುತ್ತಾರೆ. ಲೇಹ್ ಇರುವುದು ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದಲ್ಲಿ. ಖಲ್ತ್ಸೆ ಹತ್ತಿರಹತ್ತಿರ 3,000 ಮೀಟರ್. ಕಾರ್ಗಿಲ್ ಪಟ್ಟಣ ಅದಕ್ಕಿಂತಲೂ ಕೆಳಗೆ. ಈ ಐನೂರು ಮೀಟರಿನ ವ್ಯತ್ಯಾಸದಲ್ಲೇ ಹೂವು ಬಿಡುವ ದಿನ, ಹಣ್ಣಾಗುವ ತಿಂಗಳು, ಒಣಗಿಸಲು ಸಿಗುವ ಬಿಸಿಲು ಎಲ್ಲವೂ ಬದಲಾಗಿಬಿಡುತ್ತವೆ. ವರ್ಷಕ್ಕೆ ಬೀಳುವ ಮಳೆ ಲೇಹ್‌ನಲ್ಲಿ 100 ಮಿಲಿಮೀಟರಿನ ಆಸುಪಾಸು. ಸುತ್ತ ಬೋಳು ಬೆಟ್ಟ, ಕಾಲುವೆಯ ನೀರು ಮುಟ್ಟಿದಲ್ಲಿ ಮಾತ್ರ ಹಸಿರು. ಆ ಹಸಿರಿನಲ್ಲಿ ಬಾರ್ಲಿ ಹೊಲದ ಬದುವಿಗೆ, ಮನೆಯ ಹಿತ್ತಲಿಗೆ, ಕಲ್ಲಿನ ಗೋಡೆಯ ಒತ್ತಿಗೆ ನಿಂತಿರುವ ಮರ ಚುಲಿ. ಏಪ್ರಿಕಾಟ್‌ಗೆ ಲಡಾಖಿನ ಹೆಸರು ಅದು.

ಅಲ್ಲಿಯ ರೈತ ಚುಲಿಯ ಜಾತಿ ಹೇಳುವುದಕ್ಕೆ ಹಣ್ಣಿನ ಮೇಲ್ಮೈಯನ್ನಷ್ಟೇ ನಂಬಿ ಕೂರುವುದಿಲ್ಲ. ಗೊರಟು ತೆಗೆದು ಬಣ್ಣ ನೋಡುತ್ತಾನೆ, ಒಡೆದು ಒಳಬೀಜದ ರುಚಿ ನೋಡುತ್ತಾನೆ. ಒಳಬೀಜ ಕಹಿಯಾದರೆ ಆ ಮರ ಖಾಂಟೆ. ಗೊರಟು ಕಂದು, ಬೀಜ ಸಿಹಿಯಾದರೆ ನ್ಯಾರ್ಮೊ. ಗೊರಟೇ ಬಿಳಿಯಾಗಿದ್ದು ಬೀಜವೂ ಸಿಹಿಯಾಗಿದ್ದರೆ ಅದು ರಕ್ತ್ಸೆ ಕಾರ್ಪೊ. ಇವು ಮೂರು ಗುಂಪುಗಳೇ ಹೊರತು ಮೂರು ತಳಿಗಳಲ್ಲ. ಒಂದೊಂದು ಗುಂಪಿನೊಳಗೂ ದೊಡ್ಡ ಹಣ್ಣಿನವು, ಚಿಕ್ಕವು, ಕೆಂಪು ಕೆನ್ನೆಯವು, ಬೇಗ ಮಾಗುವವು, ಸೆಪ್ಟೆಂಬರ್‌ವರೆಗೆ ಕಾಯಿಸುವವು ಹೀಗೆ ನೂರು ಬಗೆ. ಹಲ್ಮನ್, ಟೋಕ್ಪೋಪ, ಮಾರ್ಗುಲಾಂ ಎಂಬ ಹೆಸರು ಪಡೆದವು ಕೆಲವೇ. ಉಳಿದವನ್ನು ಇಂಥವರ ಮನೆಯ ಮರ, ಇಂಥ ಕಾಲುವೆಯ ಪಕ್ಕದ ಮರ ಎಂದು ಗುರುತಿಸಬೇಕಷ್ಟೆ.

ಈ ವಿಂಗಡಣೆ ಎಷ್ಟು ಸರಳವೋ ಅಷ್ಟೇ ಪ್ರಯೋಜನಕಾರಿ ಎಂದು ನನಗನ್ನಿಸುತ್ತದೆ. ನರ್ಸರಿಯ ಪಟ್ಟಿಗಳು ತಳಿಯನ್ನು ಹಣ್ಣಿನ ಗಾತ್ರ, ಬಣ್ಣ, ಎಕರೆಗೆ ಬರುವ ಇಳುವರಿಯಿಂದ ವರ್ಣಿಸುತ್ತವೆ. ಚಳಿಗಾಲ ಆರು ತಿಂಗಳಿರುವ ಊರಿನವರು ಕೇಳಿದ ಮೊದಲ ಪ್ರಶ್ನೆ ಬೇರೆ: ಈ ಹಣ್ಣು ಜನವರಿಯಲ್ಲಿ ಮನೆಯಲ್ಲಿ ಯಾವ ರೂಪದಲ್ಲಿ ಇರುತ್ತದೆ? ಖಾಂಟೆ ಆದರೆ ಎಣ್ಣೆಯಾಗಿ. ಸಿಹಿಬೀಜದ್ದಾದರೆ ಗೊರಟಿನ ಸಮೇತ ಒಣಗಿದ ಫಾಟಿಂಗ್ ಆಗಿ. ತಿರುಳು ತಿಂದು, ಗೊರಟು ಒಡೆದು, ಬೀಜವನ್ನೂ ತಿನ್ನಬಹುದು. ಖುಬಾನಿ ಕಾ ಮೀಠಾಕ್ಕೆ ನಮ್ಮವರು ನೆನೆಸುವುದೂ ಇದೇ ಬಗೆಯ ಹಣ್ಣನ್ನು. ನಮ್ಮ ಪೇಟೆಗೆ ಬರುವುದರಲ್ಲಿ ಅಫ್ಘಾನಿಸ್ತಾನದ ಪಾಲು ಹಿಂದಿನಿಂದಲೂ ದೊಡ್ಡದು.

ಖಾಂಟೆಯನ್ನು ಕೀಳು ಎಂದು ತಳ್ಳಿಹಾಕುವವರಿದ್ದಾರೆ. ಅದು ತಪ್ಪು ಲೆಕ್ಕ. ಏಪ್ರಿಕಾಟ್ ಬೀಜದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ ಇರುತ್ತದೆ. ಬಿಸಿನೀರು ಚಿಮುಕಿಸಿ ಕಲ್ಲಿನ ಮೇಲೆ ಅರೆದು ಹಿಂಡಿ ತೆಗೆದ ಎಣ್ಣೆ ದೇವರ ದೀಪಕ್ಕೆ, ತಲೆಗೂದಲಿಗೆ, ಚಳಿಗೆ ಒಡೆದ ಚರ್ಮಕ್ಕೆ, ನೋಯುವ ಕೀಲಿಗೆ ಬಳಕೆಯಾಗುತ್ತದೆ. ಹಿಮಾಚಲದ ಕಿನ್ನೌರಿನಲ್ಲೂ ಕಾಡು ಏಪ್ರಿಕಾಟಿನ ಎಣ್ಣೆ ತೆಗೆಯುತ್ತಾರೆ, ಅಲ್ಲಿಯ ಚುಲ್ಲಿ ಎಣ್ಣೆಗೆ ಜಿಐ ಟ್ಯಾಗ್ ಕೂಡ ಸಿಕ್ಕಿದೆ. ಇನ್ನೊಂದು ಕೆಲಸವೂ ಖಾಂಟೆಯದೇ. ಬೇರು ಗಟ್ಟಿ, ಚಳಿ ತಡೆಯುವ ಶಕ್ತಿ ಹೆಚ್ಚು, ಬೀಜದಿಂದ ಸುಲಭವಾಗಿ ಏಳುತ್ತದೆ. ಹಾಗಾಗಿ ಒಳ್ಳೆಯ ತಳಿಯ ಕಸಿಗೆ ಬೇರುಸಸಿಯಾಗಿ ಒದಗುವುದು ಕಾಡು ಏಪ್ರಿಕಾಟೇ. ನೀರು ನಿಲ್ಲುವ ಜೇಡಿಮಣ್ಣಿದ್ದರೆ ಪ್ಲಮ್ ಬೇರಿನ ಮೇಲೆ, ಮರಳುಮಣ್ಣಿದ್ದರೆ ಪೀಚ್ ಬೇರಿನ ಮೇಲೆ ಕಸಿ ಕಟ್ಟುವುದುಂಟು. ಒಣ ಬೆಟ್ಟಸೀಮೆಗೆ ಸ್ವಂತ ಕುಲದ ಬೇರೇ ಸರಿ.

ಕಹಿ ಬೀಜದ ವಿಷಯದಲ್ಲಿ ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡಬೇಕು. ಅದರ ಕಹಿಗೆ ಕಾರಣ ಅಮಿಗ್ಡಲಿನ್ ಎಂಬ ವಸ್ತು. ಜಗಿದು ನುಂಗಿದಾಗ ಅದರಿಂದ ಸಯನೈಡ್ ಬಿಡುಗಡೆಯಾಗುತ್ತದೆ. ದೊಡ್ಡವರು ಒಮ್ಮೆಗೆ ಮೂರಕ್ಕಿಂತ ಹೆಚ್ಚು ಚಿಕ್ಕ ಹಸಿಬೀಜ ತಿಂದರೂ ಸುರಕ್ಷಿತ ಮಿತಿ ದಾಟುತ್ತದೆ, ಎಳೆಯ ಮಕ್ಕಳಿಗೆ ಒಂದೇ ಬೀಜವೂ ಹೆಚ್ಚು ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ತಿಳಿಸಿತು. ಕ್ಯಾನ್ಸರ್ ವಾಸಿಮಾಡುತ್ತದೆಂದು ಕಹಿಬೀಜವನ್ನು ಮಾರುವವರು ಇಂದಿಗೂ ಇದ್ದಾರೆ. ಅದಕ್ಕೆ ಆಧಾರವಿಲ್ಲ, ಅಪಾಯ ಮಾತ್ರ ಇದೆ. ತಿನ್ನುವ ಬೀಜಕ್ಕೆ ಸಿಹಿ ಮರ, ಎಣ್ಣೆಗೆ ಕಹಿ ಮರ ಎಂದು ಗುಂಪು ಮಾಡಿದ ಲಡಾಖಿನ ಹಿರಿಯರು ರಸಾಯನಶಾಸ್ತ್ರ ಓದದೆಯೇ ಜೀವ ಕಾಯುವ ಗೆರೆಯೊಂದನ್ನು ಎಳೆದಿದ್ದರು.

ಬಿಳಿ ಗೊರಟಿನ ಹೆಮ್ಮೆ, ಹಲ್ಮನ್‌ನ ದುಡಿಮೆ

ರಕ್ತ್ಸೆ ಕಾರ್ಪೊ ಲಡಾಖಿನ ಹೆಮ್ಮೆಯ ಹಣ್ಣು. ಬೇರೆಡೆಯ ಏಪ್ರಿಕಾಟ್‌ಗಳ ಗೊರಟು ಕಂದು, ಇಲ್ಲಿಯದು ಬೆಳ್ಳಗೆ. ಬಾಯಲ್ಲಿಟ್ಟರೆ ಕರಗುವ ತಿರುಳು, ಹುಳಿ ಅತಿ ಕಡಿಮೆ, ಸಕ್ಕರೆಯ ಅಳತೆ ಬ್ರಿಕ್ಸ್ ಮಾಪಕದಲ್ಲಿ 20 ದಾಟುತ್ತದೆ. ಲೇಹ್‌ನಲ್ಲಿರುವ ರಕ್ಷಣಾ ಸಂಶೋಧನಾ ಸಂಸ್ಥೆಯ ಎತ್ತರಪ್ರದೇಶ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಈ ಬಿಳಿ ಗೊರಟಿನ ಮರಗಳನ್ನು ಊರೂರು ತಿರುಗಿ ಅಧ್ಯಯನ ಮಾಡಿದ್ದಾರೆ. 2022ರ ಡಿಸೆಂಬರಿನಲ್ಲಿ ಅದಕ್ಕೆ ಜಿಐ ಟ್ಯಾಗ್ ದೊರೆಯಿತು. ಲಡಾಖ್ ಕೇಂದ್ರಾಡಳಿತ ಪ್ರದೇಶವಾದ ಮೇಲೆ ಅದರ ಹೆಸರಿಗೆ ಸಂದ ಮೊದಲ ಗೌರವಗಳಲ್ಲಿ ಇದೂ ಒಂದು.

ಹಾಗಾದರೆ ಎಲ್ಲರೂ ಅದನ್ನೇ ಏಕೆ ನೆಡುವುದಿಲ್ಲ? ಅದರ ಮೃದುತ್ವವೇ ಅಡ್ಡಿ. ಮರದಲ್ಲೇ ಪೂರ್ತಿ ಮಾಗಿದ ರಕ್ತ್ಸೆ ಕಾರ್ಪೊ ಕೈಯಿಂದ ಕೈಗೆ ಹೋಗುವಷ್ಟರಲ್ಲಿ ನಲುಗುತ್ತದೆ. ಯಾವ ಏಪ್ರಿಕಾಟಾದರೂ ಮಾಗಿದ ಮೇಲೆ ಸಾಮಾನ್ಯ ಕೋಣೆಯಲ್ಲಿ ನಾಲ್ಕೈದು ದಿನ ತಾಳಿದರೆ ದೊಡ್ಡದು, ಇದು ಅಷ್ಟೂ ತಾಳುವುದಿಲ್ಲ. ಲೇಹ್‌ನಿಂದ ಶ್ರೀನಗರಕ್ಕೆ 400 ಕಿಲೋಮೀಟರಿಗೂ ಹೆಚ್ಚು ದೂರ, ನಡುವೆ ಜೋಜಿಲಾ ಕಣಿವೆ. ಅದಕ್ಕೇ ಹಣ್ಣಿನ ರಾಜನಾಗಿದ್ದರೂ ಆ ಮರ ಮನೆಯವರಿಗೆ, ನೆಂಟರಿಗೆ, ಆಗಸ್ಟಿನಲ್ಲಿ ಬಂದ ಪ್ರವಾಸಿಗಳಿಗೆ ಎಂಬಷ್ಟಕ್ಕೇ ನಿಂತಿತ್ತು.

ತೋಟವಾಗಿ ಹಬ್ಬಿದ್ದು ಹಲ್ಮನ್. ಹಣ್ಣು ದೊಡ್ಡದು, ಇಳುವರಿ ತುಂಬು, ಒಳಬೀಜ ಸಿಹಿ, ತಿರುಳಿಗೆ ಒಂದಿಷ್ಟು ಗಟ್ಟಿತನ, ಒಣಗಿಸಿದರೆ ಒಳ್ಳೆಯ ಬಣ್ಣ. ನಿಯಂತ್ರಣ ರೇಖೆಯ ಆಚೆ ಬಾಲ್ಟಿಸ್ತಾನದ ಸ್ಕರ್ದುವಿನಲ್ಲೂ ಹಲ್ಮನ್ ಎಂಬ ಹೆಸರೇ ನಡೆಯುತ್ತದೆ. ಶ್ಯೋಕ್ ನದಿಯ ದಂಡೆಯ ಟುರ್ಟುಕ್ ಗ್ರಾಮ 1971ರ ಯುದ್ಧದಲ್ಲಿ ಭಾರತದ ಕಡೆಗೆ ಬಂತು. ಬಾಲ್ಟಿ ಮಾತಾಡುವ ಆ ಊರಿನ ಬಂಧುಬಳಗ ಎರಡು ದೇಶಗಳಲ್ಲಿ ಹಂಚಿಹೋದರೂ ಎರಡೂ ಕಡೆಯ ಛಾವಣಿಗಳ ಮೇಲೆ ಒಣಗುವ ಹಣ್ಣು ಒಂದೇ ಕುಲದ್ದು.

2021ರಲ್ಲಿ ಲಡಾಖಿನ ತಾಜಾ ಏಪ್ರಿಕಾಟ್ ಮೊದಲ ಬಾರಿ ದುಬೈಗೆ ವಿಮಾನದಲ್ಲಿ ಹೋಯಿತು. ಅಲ್ಲಿಯವರೆಗೆ ತಾಜಾ ಹಣ್ಣಿನ ವ್ಯಾಪಾರಕ್ಕೆ ದೂರದ ಜತೆಗೆ ಒಂದು ಹುಳುವೂ ಅಡ್ಡವಾಗಿತ್ತು. ಸೇಬು, ಏಪ್ರಿಕಾಟ್‌ಗಳನ್ನು ಒಳಗಿಂದ ಕೊರೆಯುವ ಕಾಡ್ಲಿಂಗ್ ಪತಂಗ ಭಾರತದಲ್ಲಿ ನೆಲೆಯೂರಿರುವುದು ಲಡಾಖಿನಲ್ಲಿ. ಅದು ಕಾಶ್ಮೀರದ ಸೇಬಿನ ತೋಟಗಳಿಗೆ ಇಳಿಯಬಾರದೆಂದು ತಾಜಾ ಹಣ್ಣಿನ ಸಾಗಣೆಗೆ ವರ್ಷಗಟ್ಟಲೆ ನಿರ್ಬಂಧವಿತ್ತು. ಬಾಗಿಲು ತೆರೆದ ಮೇಲೆ ಬೆಳೆಗಾರನ ಮುಂದೆ ಹೊಸ ಪ್ರಶ್ನೆ ಬಂದಿದೆ. ಒಣಗಿಸುವುದಕ್ಕೆ ಬೇಕಾದ ಗುಣ ಒಂದು, ತಾಜಾ ಮಾರುವುದಕ್ಕೆ ಬೇಕಾದ ಗುಣ ಇನ್ನೊಂದು. ಒಣಗಿಸಲು ಸಕ್ಕರೆ ಹೆಚ್ಚಿರಬೇಕು, ನೀರು ಕಡಿಮೆ ಇರಬೇಕು, ಹಣ್ಣು ಚಿಕ್ಕದಾದರೂ ನಡೆಯುತ್ತದೆ. ಟರ್ಕಿಯ ಮಲತ್ಯಾ ಪ್ರಾಂತ್ಯ ಜಗತ್ತಿಗೇ ಒಣ ಏಪ್ರಿಕಾಟ್ ಒದಗಿಸುವುದು ಹಾಜಿಹಲಿಲೋಗ್ಲು, ಕಬಾಶಿ ಎಂಬ ಸಿಹಿಬೀಜದ ತಳಿಗಳಿಂದ. ಇವು ನೋಡಲು ಭಾರಿ ಹಣ್ಣುಗಳಲ್ಲ, ಸಕ್ಕರೆಯಲ್ಲಿ ಭಾರಿ. ಪೆಟ್ಟಿಗೆಯಲ್ಲಿ ದೂರ ಹೋಗಬೇಕಾದ ಹಣ್ಣಿಗೆ ಗಟ್ಟಿ ತಿರುಳು, ದಪ್ಪ ಸಿಪ್ಪೆ, ಕಣ್ಣು ಸೆಳೆಯುವ ಬಣ್ಣ ಬೇಕು. ಎರಡನ್ನೂ ಒಂದೇ ಮರದಿಂದ ಬಯಸಿದರೆ ಎರಡೂ ಅರೆಬರೆಯಾಗುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಈ ಎಳೆದಾಟ ಹೇಗೆ ಮುಗಿಯಿತೆಂದು ಅಲ್ಲಿಯ ಕನ್ನಡಿಗರಲ್ಲಿ ಕೆಲವರಾದರೂ ತಿಳಿದಿರುತ್ತಾರೆ. ಇವತ್ತು ಸಿಲಿಕಾನ್ ವ್ಯಾಲಿ ಎನ್ನುವ ಸಾಂಟಾ ಕ್ಲಾರಾ ಕಣಿವೆ ಒಂದು ಕಾಲಕ್ಕೆ ಹಣ್ಣಿನ ತೋಟಗಳ ಸೀಮೆ. ಅಲ್ಲಿಯ ಮುಖ್ಯ ಏಪ್ರಿಕಾಟ್ ಬ್ಲೆನಿಮ್. ರಾಯಲ್ ಎಂಬ ಹೆಸರಿನಿಂದಲೂ ಕರೆಯುತ್ತಾರೆ. ಒಳಗಿನಿಂದ ಹೊರಕ್ಕೆ ಮಾಗುವ ಹಣ್ಣದು. ಭುಜದ ಮೇಲೆ ಇನ್ನೂ ಹಸಿರು ಉಳಿದಿರುವಾಗಲೇ ಒಳಗೆ ಜೇನಾಗಿರುತ್ತದೆ. ಅಂಗಡಿಯಲ್ಲಿ ನೋಡಿದವರಿಗೆ ಕಾಯಿ ಎನಿಸುತ್ತದೆ, ಪೂರ್ತಿ ಬಣ್ಣ ಬರುವವರೆಗೆ ಬಿಟ್ಟರೆ ಸಾಗಣೆಗೆ ಸಿಗುವುದಿಲ್ಲ. ತೋಟಗಳೆಲ್ಲ ಕಚೇರಿ, ಮನೆಗಳಾಗಿ ಏಪ್ರಿಕಾಟ್ ಬೆಳೆ ಬಿಸಿಲು ಹೆಚ್ಚಿರುವ ಒಳನಾಡಿನ ಕಣಿವೆಗೆ ಸರಿದಾಗ ಬ್ಲೆನಿಮ್ ಅಲ್ಲಿ ಸೋತಿತು. ಅತಿ ಸೆಕೆಗೆ ಅದರ ಗೊರಟಿನ ಸುತ್ತಲಿನ ತಿರುಳು ಕಂದಿಹೋಗುತ್ತದೆ. ಆ ಜಾಗವನ್ನು ತುಂಬಿದ್ದು ಪ್ಯಾಟರ್‍ಸನ್ ಎಂಬ ಗಟ್ಟಿ ಹಣ್ಣು. ರುಚಿಯಲ್ಲಿ ಅದನ್ನು ಬ್ಲೆನಿಮ್ ಪಕ್ಕ ಇಡುವವರು ವಿರಳ. ಸನಿವೇಲ್ ನಗರ ಹತ್ತು ಎಕರೆ ಬ್ಲೆನಿಮ್ ತೋಟವನ್ನು ಪರಂಪರೆಯ ನೆನಪಿಗೆಂದು ಸಾರ್ವಜನಿಕ ಉದ್ಯಾನದಲ್ಲಿ ಉಳಿಸಿಕೊಂಡಿದೆ. ಸನಿವೇಲ್, ಕ್ಯೂಪರ್ಟಿನೊ, ಸ್ಯಾನ್ ಹೋಸೆಗಳಲ್ಲಿ ಹಿತ್ತಲಿರುವ ನಮ್ಮವರಿಗೆ ನನ್ನ ಮಾತು ಇಷ್ಟೇ: ಹಿತ್ತಲಿನ ಹಣ್ಣು ಲಾರಿ ಹತ್ತಬೇಕಿಲ್ಲ. ಬ್ಲೆನಿಮ್ ನೆಡಿ. ಅದಕ್ಕೆ ಬೇಕಾದ ಚಳಿ ಹದವಾದದ್ದು, ಜತೆಗೆ ಇನ್ನೊಂದು ಮರದ ಪರಾಗವಿಲ್ಲದೆಯೂ ಕಾಯಿ ಕಟ್ಟುತ್ತದೆ.

ಏಪ್ರಿಲ್ಲಿನ ಒಂದು ರಾತ್ರಿ

ರುಚಿ, ಗಾತ್ರ, ಬಳಕೆ ಇಷ್ಟನ್ನೇ ನೋಡಿ ತಳಿ ಆರಿಸಿದವನನ್ನು ಏಪ್ರಿಲ್ಲಿನ ಒಂದು ರಾತ್ರಿ ಬರಿಗೈ ಮಾಡಬಲ್ಲದು. ಏಪ್ರಿಕಾಟಿನ ಸ್ವಭಾವದಲ್ಲೇ ಒಂದು ಆತುರವಿದೆ. ಚಳಿಗಾಲದ ನಿದ್ದೆಗೆ ಬೇಕಾದಷ್ಟು ಚಳಿ ಸಿಕ್ಕಿತೋ, ಹೊರಗೆ ತುಸು ಬೆಚ್ಚಗಾದ ಕೂಡಲೇ ಸೇಬಿಗಿಂತ ಎಷ್ಟೋ ಮೊದಲು ಹೂವು ಬಿಟ್ಟುಬಿಡುತ್ತದೆ. ಪೂರ್ತಿ ಅರಳಿದ ಹೂವಿಗೆ ಮೈನಸ್ 2.8 ಡಿಗ್ರಿ ಸೆಲ್ಸಿಯಸ್ ಅರ್ಧ ಗಂಟೆ ತಾಗಿದರೆ ಹತ್ತರಲ್ಲೊಂದು ಹೂವು ಸಾಯುತ್ತದೆ. ಮೈನಸ್ 5.6ಕ್ಕೆ ಇಳಿದರೆ ಹತ್ತರಲ್ಲಿ ಒಂಬತ್ತು. ಹೂವು ಉದುರಿ ಎಳೆಗಾಯಿ ಕಚ್ಚಿದ ಮೇಲೆ ಸಹಿಸುವ ಶಕ್ತಿ ಇನ್ನೂ ಕಡಿಮೆ. 2025ರ ಏಪ್ರಿಲ್ಲಿನಲ್ಲಿ ಮಲತ್ಯಾಕ್ಕೆ ಬಡಿದ ಚಳಿ ಅಲ್ಲಿಯ ಆ ವರ್ಷದ ಬೆಳೆಯನ್ನು ಹೊಸಕಿಹಾಕಿತು. ಜಗತ್ತಿನ ಒಣಹಣ್ಣಿನ ಕಣಜವೆನಿಸಿದ ಊರಿಗೂ ರಕ್ಷೆ ಇರಲಿಲ್ಲ.

ಲಡಾಖಿನಲ್ಲಿ ಟುರ್ಟುಕ್, ದಾ, ಗರ್ಖೋನ್‌ಗಳಂಥ ತಗ್ಗಿನ ಊರುಗಳು ಏಪ್ರಿಲ್ ಮೊದಲ ಭಾಗದಲ್ಲೇ ಹೂವಾಗುತ್ತವೆ, ಲೇಹ್ ಸುತ್ತ ತಿಂಗಳ ಕೊನೆಗೆ. ಪ್ರವಾಸೋದ್ಯಮ ಇಲಾಖೆ ಊರೂರಿನಲ್ಲಿ ಹೂವಿನ ಹಬ್ಬ ಮಾಡುವುದು ಇದೇ ಕ್ರಮ ಹಿಡಿದು. ನೋಡಲು ಬಂದವರಿಗೆ ಹಬ್ಬ, ಮನೆಯವರಿಗೆ ರಾತ್ರಿಗಳ ಆತಂಕ. ಹಾಗಾಗಿ ಅಲ್ಲಿ ತಳಿ ಆರಿಸುವವರು ಕೇಳಬೇಕಾದ ಎರಡನೆಯ ಪ್ರಶ್ನೆ: ಇದು ಯಾವಾಗ ಅರಳುತ್ತದೆ? ಒಂದು ವಾರ ತಡವಾಗಿ ಅರಳುವ ಮರ, ಹಣ್ಣು ಅಷ್ಟು ಚೆನ್ನಾಗಿಲ್ಲದಿದ್ದರೂ, ಹತ್ತು ವರ್ಷದಲ್ಲಿ ಹೆಚ್ಚು ಸಲ ಬುಟ್ಟಿ ತುಂಬಿಸುತ್ತದೆ. ಜಾಗದ ಆಯ್ಕೆಯೂ ಇದಕ್ಕೆ ಸೇರಿದ್ದೇ. ತಣ್ಣನೆಯ ಗಾಳಿ ನೀರಿನ ಹಾಗೆ ತಗ್ಗಿಗೆ ಹರಿದು ಕಣಿವೆಯ ತಳದಲ್ಲಿ ಮಡುಗಟ್ಟುತ್ತದೆ. ಇಳಿಜಾರಿನ ನಡುಭಾಗದ ಮರ ಉಳಿಯುವ ರಾತ್ರಿ ಹೊಳೆಯಂಚಿನ ಮರ ಹೂವು ಕಳೆದುಕೊಂಡಿರುತ್ತದೆ.

ಇದೇ ಹೊತ್ತಿಗೆ ನೀರಿನ ತಾಪತ್ರಯವೂ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಹಿಮನದಿಗಳು ಇನ್ನೂ ಕರಗಿರುವುದಿಲ್ಲ, ಮರಗಳಿಗೆ ಹೂವು, ಕಾಯಿ ಕಚ್ಚುವ ಕಾಲ. ಊರಿನ ಕಾಲುವೆಯ ಪಾಳಿ ನೋಡಿಕೊಳ್ಳುವ ಚುರ್ಪೊನ್‌ಗೆ ಎಲ್ಲರನ್ನೂ ಸಮಾಧಾನ ಮಾಡುವ ಕೆಲಸ. ಇಂಜಿನಿಯರ್ ಚೆವಾಂಗ್ ನೊರ್ಫೆಲ್ ಅವರು ಚಳಿಗಾಲದ ನೀರನ್ನು ನೆರಳಿನ ಕಣಿವೆಗಳಲ್ಲಿ ಮಂಜುಗಡ್ಡೆಯಾಗಿಸಿ ಹಿಡಿದಿಡುವ ಕೃತಕ ಹಿಮನದಿಗಳನ್ನು ಕಟ್ಟಿದ್ದು ಈ ಎರಡು ತಿಂಗಳ ಕೊರತೆಗೆಂದೇ.

ನಮ್ಮಲ್ಲಿ ಬೆಳೆಯಬಹುದೇ ಎಂದು ಕೇಳುವವರಿಗೆ ನೇರವಾಗಿ ಹೇಳುವುದು ಒಳ್ಳೆಯದು. ಏಪ್ರಿಕಾಟಿಗೆ ತಳಿಯನ್ನನುಸರಿಸಿ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗಿನ ಉಷ್ಣಾಂಶ ಒಟ್ಟು 300ರಿಂದ 900 ಗಂಟೆ ಬೇಕು. ಕಡಿಮೆ ಚಳಿ ಸಾಕೆನ್ನುವ ಗೋಲ್ಡ್ ಕಿಸ್ಟ್‌ನಂಥ ತಳಿಯೂ 300 ಗಂಟೆ ಕೇಳುತ್ತದೆ. ಬೆಂಗಳೂರಿನ ಚಳಿಗಾಲದ ಸರಾಸರಿ ಕನಿಷ್ಠ ಉಷ್ಣಾಂಶವೇ 15 ಡಿಗ್ರಿಯ ಮೇಲೆ. ಮಡಿಕೇರಿ, ಚಿಕ್ಕಮಗಳೂರಿನ ಗುಡ್ಡಗಳಲ್ಲೂ ಈ ಲೆಕ್ಕ ತುಂಬುವುದಿಲ್ಲ. ಚಳಿ ಸಾಲದ ಮರ ಎಲೆ ಬಿಡುವುದಕ್ಕೂ ತಡವರಿಸುತ್ತದೆ, ಹೂಮೊಗ್ಗು ಅರಳದೆ ಉದುರುತ್ತದೆ. ಕಡಿಮೆ ಚಳಿಯ ಸೇಬನ್ನು ಕರ್ನಾಟಕದಲ್ಲಿ ಕೆಲವರು ಬೆಳೆದು ತೋರಿಸಿದ್ದಾರೆಂಬ ಧೈರ್ಯದಲ್ಲಿ ಏಪ್ರಿಕಾಟ್ ಸಸಿಗೆ ದುಡ್ಡು ಹಾಕುವುದು ಬೇಡ. ಹಿಮಾಚಲದ ನಡುಬೆಟ್ಟಗಳಲ್ಲಿ ಮೇ ತಿಂಗಳಲ್ಲೇ ಮಾಗುವ ನ್ಯೂ ಕ್ಯಾಸಲ್, ಒಣ ಎತ್ತರಗಳಲ್ಲಿ ಚಾರ್‌ಮಗ್ಜ್, ಸಫೇದಾ, ಶಕರ್‌ಪಾರಾ ಎಂದು ಶಿಫಾರಸು ಬೇರೆಬೇರೆ ಇರುವುದೂ ಎತ್ತರ ಮತ್ತು ಚಳಿಯ ಈ ಲೆಕ್ಕದಿಂದಲೇ.

ಮೂರನೆಯ ಸಂಗತಿ ಪರಾಗ. ಸೋವಿಯತ್ ವಿಜ್ಞಾನಿ ಕೊಸ್ತಿನಾ ಜಗತ್ತಿನ ಏಪ್ರಿಕಾಟ್‌ಗಳನ್ನು ನೆಲೆಯ ಪ್ರಕಾರ ಗುಂಪುಗಳಾಗಿ ವಿಂಗಡಿಸಿದರು. ಮಧ್ಯ ಏಷ್ಯಾದ ಗುಂಪು ಹಳೆಯದು, ವೈವಿಧ್ಯ ಹೆಚ್ಚು. ಅದರ ಬಹುತೇಕ ಮರಗಳು ತಮ್ಮದೇ ಪರಾಗವನ್ನು ಒಪ್ಪುವುದಿಲ್ಲ. ಪರಾಗದ ನಳಿಕೆ ಹೂವಿನೊಳಗೆ ಇಳಿಯುವಾಗಲೇ ಹೂವು ಅದನ್ನು ತನ್ನದೆಂದು ಗುರುತಿಸಿ ತಡೆಯುತ್ತದೆ. ಯುರೋಪಿನ ಗುಂಪು ಅದರ ತದ್ವಿರುದ್ಧ: ವೈವಿಧ್ಯ ಕಡಿಮೆ, ಹೆಚ್ಚಿನವು ಒಂಟಿಯಾಗಿಯೇ ಕಾಯಿ ಕಟ್ಟಬಲ್ಲವು. ಹಿಮಾಲಯದ ಒಣ ಸೀಮೆಗಳಲ್ಲಿ ತೋಟ ಮಾಡುವವರು ಮಧ್ಯ ಏಷ್ಯಾದ ನಡತೆಯನ್ನೇ ನಿರೀಕ್ಷಿಸಿ, ಒಂದೇ ಸಮಯಕ್ಕೆ ಅರಳುವ ಎರಡು ಮೂರು ಬೇರೆ ಮರಗಳನ್ನು ಬೆರೆಸಿ ನೆಡುವುದು ಕ್ಷೇಮ. ಒಂದೇ ಮರದಿಂದ ಕಸಿ ಕಟ್ಟಿದ ನೂರು ಗಿಡ ಪರಾಗದ ಲೆಕ್ಕದಲ್ಲಿ ಒಂದೇ ಗಿಡ. ಹೂವಿನ ಕಾಲದಲ್ಲಿ ಗಾಳಿ ಬಿರುಸಾಗಿ ಜೇನು ಹೊರಡದ ದಿನಗಳೂ ಇರುತ್ತವೆ; ಆಗ ಬೆರಕೆ ನೆಟ್ಟವನಿಗೆ ಒಂದಿಷ್ಟಾದರೂ ದಕ್ಕುತ್ತದೆ.

ಹಲ್ಮನ್ ಒಂದನ್ನೇ ಸಾಲುಸಾಲಾಗಿ ನೆಡುವ ಉತ್ಸಾಹ ಹೆಚ್ಚಿದಂತೆಲ್ಲ ನನ್ನ ಕಳವಳವೂ ಹೆಚ್ಚುವುದು ಈ ಕಾರಣಕ್ಕೆ. ಲಡಾಖಿನ ಮರಗಳಲ್ಲಿ ಬಹುಪಾಲು ಬೀಜದಿಂದ ಎದ್ದವು. ಬೇರೆ ಮರದ ಪರಾಗದಿಂದ ಹುಟ್ಟಿದ ಬೀಜವಾದ್ದರಿಂದ ಪ್ರತಿ ಮರವೂ ಬೇರೆ. ರಕ್ತ್ಸೆ ಕಾರ್ಪೊ ಗೊರಟು ನೆಟ್ಟರೆ ರಕ್ತ್ಸೆ ಕಾರ್ಪೊ ಬರುತ್ತದೆಂಬ ಭರವಸೆಯಿಲ್ಲ. ಕಹಿಬೀಜದ ಖಾಂಟೆಯೂ ಏಳಬಹುದು. ತೋಟಗಾರನಿಗೆ ಇದು ತೊಡಕು. ತಳಿಶಾಸ್ತ್ರಕ್ಕೆ ಇದು ಸಂಪತ್ತು. ತಡವಾಗಿ ಅರಳುವುದು, ಹುಳುವಿಗೆ ಬಗ್ಗದ್ದು, ಬಿಳಿ ಗೊರಟಿದ್ದೂ ತಿರುಳು ಗಟ್ಟಿಯಿರುವುದು, ಬೇರೆಡೆಯ ಏಪ್ರಿಕಾಟ್ ಮುಗಿದ ಮೇಲೆ ಸೆಪ್ಟೆಂಬರಿನಲ್ಲಿ ಮಾಗುವುದು ಇಂಥ ಮರಗಳನ್ನು ಹುಡುಕಬೇಕಾದದ್ದು ಈ ಹೆಸರಿಲ್ಲದ ಗುಂಪಿನಲ್ಲೇ. ಸಾಗರ, ಸಿದ್ದಾಪುರ, ಶಿರಸಿಯ ಕೃಷಿಕರು ಹೊಳೆದಂಡೆಯ ಕಾಡುಮಾವಿನಲ್ಲಿ ಪರಿಮಳದ ಅಪ್ಪೆಮಿಡಿ ಮರವನ್ನು ಮೂಸಿ, ರುಚಿನೋಡಿ, ಊರಿನ ಹೆಸರಿಟ್ಟು, ಮರ ಸಾಯುವ ಮೊದಲು ಅದರ ಕುಡಿ ತಂದು ಕಸಿ ಕಟ್ಟಿ ಉಳಿಸಿಕೊಂಡದ್ದು ಇದೇ ಕೆಲಸ. ಜಿಐ ಟ್ಯಾಗ್ ಹೆಸರನ್ನು ಕಾಯುತ್ತದೆ. ಮರವನ್ನು ಕಾಯಲು ಕಸಿಕತ್ತಿ ಹಿಡಿದ ಕೈ ಬೇಕು.

ಶಾಮ್ ಸೀಮೆಯ ಒಂದು ಮನೆಯ ಹೊಲಕ್ಕೆ ಈಗ ಗಿಡ ಆರಿಸಬೇಕೆಂದರೆ ನಾನು ದುಡ್ಡಿನ ಆಧಾರಕ್ಕೆ ಹಲ್ಮನ್ ಅನ್ನೇ ಹೆಚ್ಚು ಇಡುತ್ತೇನೆ, ಅದರ ಯೋಗ್ಯತೆಯನ್ನು ಅಲ್ಲಗಳೆಯಲಾಗದು. ಅದರ ನಡುವೆ ರಕ್ತ್ಸೆ ಕಾರ್ಪೊ ಗಿಡಗಳಿಗೆ ಖಂಡಿತ ಜಾಗ ಇರಬೇಕು, ಅದೂ ಒಂದೇ ಮರದ ಕಸಿಯಲ್ಲ, ಬೇರೆಬೇರೆ ಮನೆಗಳ ಒಳ್ಳೆಯ ಮರಗಳಿಂದ ತಂದದ್ದು. ಬದುವಿನಲ್ಲಿ ತಾನಾಗಿ ಎದ್ದ ಖಾಂಟೆಯನ್ನು ಕಡಿಯದೆ ಬಿಡಬೇಕು: ಪರಾಗಕ್ಕೆ, ಎಣ್ಣೆಗೆ, ಮುಂದಿನ ಬೇರುಸಸಿಗೆ. ಮತ್ತು ನೆರೆಹೊರೆಯಲ್ಲಿ ತೀರ ತಡವಾಗಿ ಅರಳುವ ಮರ ಯಾವುದೆಂದು ಊರಿನ ಅಬಿಲೇಯನ್ನು, ಅಂದರೆ ಹಿರಿಯ ಅಜ್ಜಿಯನ್ನು, ಕೇಳಿ ಅದರ ಒಂದು ಗಿಡವಾದರೂ ಸೇರಿಸಬೇಕು. ಒಣಗಿಸುವ ತಟ್ಟೆ, ಪಾಲಿಕಾರ್ಬೊನೇಟ್ ಹೊದೆಸಿದ ಸೌರ ಒಣಗೂಡು ಈಗ ಅಲ್ಲಿ ಸಿಗುತ್ತಿವೆ. ಬಂಡೆಯ ಮೇಲೆ ಧೂಳು ಕುಡಿದು ಒಣಗಿದ ಹಣ್ಣಿಗಿಂತ ಅದರ ಹಣ್ಣಿಗೆ ಬೆಲೆ ಹೆಚ್ಚು. ಒಳ್ಳೆಯ ತಳಿಯನ್ನು ಮರ ಅಲುಗಾಡಿಸಿ ನೆಲಕ್ಕೆ ಉದುರಿಸಿದರೆ ಆರಿಸಿದ ಶ್ರಮವೆಲ್ಲ ಮಣ್ಣುಪಾಲು, ಕೈಯಲ್ಲಿ ಕೊಯ್ಯಬೇಕು.

ಗಿಡ ಕೊಳ್ಳುವ ಘಟ್ಟದಲ್ಲಿ ಮೋಸಹೋಗುವ ಸಾಧ್ಯತೆ ದೊಡ್ಡದು. ಬಿಳಿ ಗೊರಟಿನ ಗುಣ ಎಲೆಯಲ್ಲಿ ಕಾಣುವುದಿಲ್ಲ, ತೊಗಟೆಯಲ್ಲಿ ಕಾಣುವುದಿಲ್ಲ. ಸಸಿಯಾಗಿ ಖಾಂಟೆಯೂ ರಕ್ತ್ಸೆ ಕಾರ್ಪೊವೂ ಅಣ್ಣತಮ್ಮಂದಿರಷ್ಟು ಹೋಲುತ್ತವೆ. ಕಸಿ ಗಿಡ ಮೊದಲ ಹಣ್ಣು ಕೊಡಲು ನಾಲ್ಕೈದು ವರ್ಷ, ಬೀಜದ ಗಿಡಕ್ಕೆ ಇನ್ನೂ ಹೆಚ್ಚು. ಅಲ್ಲಿಯವರೆಗೆ ನೀರು, ಗೊಬ್ಬರ, ಜಾಗ ಕೊಟ್ಟು ಕಾಯ್ದ ಮೇಲೆ ಗೊರಟು ಕಂದು ಎಂದು ತಿಳಿದರೆ ಯಾರನ್ನು ಕೇಳುವುದು? ಅದಕ್ಕಾಗಿ ಸಸಿಯ ಆಯ್ಕೆ ವಸಂತದಲ್ಲಿ ನರ್ಸರಿಯ ಬಾಗಿಲಲ್ಲಿ ಆರಂಭವಾಗಬಾರದು. ಹಿಂದಿನ ಆಗಸ್ಟಿನಲ್ಲೇ, ಹಣ್ಣು ಮರದಲ್ಲಿರುವಾಗ, ತಾಯಿಮರದ ಬುಡಕ್ಕೆ ಹೋಗಿ ಹಣ್ಣು ತಿಂದು, ಗೊರಟು ಒಡೆದು, ಬೀಜ ಕಚ್ಚಿ ನೋಡಿ, ಕೊಂಬೆಗೆ ಗುರುತಿನ ಬಟ್ಟೆ ಕಟ್ಟಿ ಬರಬೇಕು. ಮೊಗ್ಗು ಉಬ್ಬುವ ಮುನ್ನ ಕಸಿಕಡ್ಡಿ ಕತ್ತರಿಸಬೇಕಾದದ್ದು ಆ ಕೊಂಬೆಯಿಂದ.